ಗಡಿಗೆಯೊಳಗಿನ ತಂಬೂರಿ

೩ ಸೆಪ್ಟೆಂಬರ್ ೧೯೬೬, ಶನಿವಾರ. ಧಾರವಾಡ.

ಪಕ್ಕದ ಮನೆಯ ಬಾಳಕೃಷ್ಣರಾಯರು ಮುಂಬಯಿಯಿಂದ ತರಿಸಿದ ಆ ಆಂಪ್ಲಿಫಾಯರು ಇನ್ನೂ ತಲೆಯಿಂದ ಇಳಿದಿಲ್ಲ. ಅದಕ್ಕೆ ಜೋಡಿ ಸ್ಪೀಕರು, ತೇಗದ ಪೆಟ್ಟಿಗೆಯವು. ಮೊನ್ನೆ ಅಲ್ಲಿ ರೆಕಾರ್ಡು ಕೇಳುತ್ತ ನನ್ನ ಹೆಂಡತಿ ತಾರಾ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಅದೇ ರೆಕಾರ್ಡು ನಮ್ಮ ಮನೆಯಲ್ಲಿ ಹಚ್ಚಿದರೆ ಅಕ್ಕಿ ಆರಿಸುತ್ತ ಕೂಡುವವಳು.

"ಅವರ ಮನ್ಯಾಗ ತಂಬೂರಿ ಸುದ್ದಾ ಕೇಳಸ್ತದ ನೋಡ್ರಿ," ಅಂದಳು ಬರುವಾಗ.

ಅಂಥ ಪೆಟ್ಟಿಗೆ ನನ್ನ ಕೈಗೆಟುಕುವುದಲ್ಲ. ಇವತ್ತು ಹುಬ್ಬಳ್ಳಿಗೆ ಹೋಗಿ ಒಂದು ಹಳೆಯ ಆಂಪ್ಲಿಫಾಯರನ್ನೂ ಪೆಟ್ಟಿಗೆಯಿಲ್ಲದ ಒಂದೇ ಒಂದು ಸ್ಪೀಕರನ್ನೂ ತಂದೆ. ಅದನ್ನು ಗಡಿಗೆಯ ಬಾಯಿಗೆ ಕೂಡಿಸಿದರೆ ದನಿ ತುಂಬಿ ಬರುತ್ತದೆ ಎಂದಿದ್ದ ಅಂಗಡಿಯವನು. ನೀರಿಗೆಂದು ತಾರಾ ತಂದಿಟ್ಟಿದ್ದ ಹೊಸ ಗಡಿಗೆಯನ್ನೇ ಎತ್ತಿಕೊಂಡೆ.

ಖರೇ ಹೇಳಿದ್ದ. ಅದೇ ರೆಕಾರ್ಡು ಹಚ್ಚಿದರೆ ತಂಬೂರಿಯ ನಾಲ್ಕೂ ತಂತಿ ಕೇಳಿಸಿದವು. ತಾರಾ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಹೊಸ ಗಡಿಗೆ ಹೋಯಿತೆಂದು ಬೈಯಲೂ ಇಲ್ಲ. ನಾನು ಉಬ್ಬಿಹೋದೆ. ಅಷ್ಟರಲ್ಲಿ ಅವಳು ಕಿಟಕಿಗೆ ಹೋಗಿ ಕೂಗಿದಳು:

"ರಾಯರ, ಸ್ವಲ್ಪ ಇಲ್ಲೆ ಬಂದು ಕೇಳ್ರಿ. ಹೆಂಗದ ನೀವ ಹೇಳ್ರಿ."

ಬಂದರು. ಗಡಿಗೆಯ ಹತ್ತಿರ ಬಗ್ಗಿ ಕೇಳಿದರು. "ಭಾಳ ಛಲೋ ಅದ," ಅಂದರು.

ಅವರು ಹಾಗೆ ಅಂದ ಮೇಲೆಯೇ ತಾರಾ ಕೂತಳು, ಕಣ್ಣು ಮುಚ್ಚಿದಳು.