ಕಾರ್ಡಿಗೆ ಹಚ್ಚಿದ ಒಲೆ

ನವೆಂಬರ್ 8, ಶನಿವಾರ

ರಂಗಸ್ವಾಮಿ ವಾರ, ಒಪ್ಪತ್ತು. ಐದಕ್ಕೆ ಎದ್ದು ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟೆ. ಹಸ ಕರೆದು ಡೇರಿಗೆ ಹಾಲು ಹಾಕಿ ಬಂದೆ. ನಾಲ್ಕು ಲೀಟರು. ಸ್ನಾನ, ಪೂಜೆ. ಒಂದು ಲೋಟ ಕಾಫಿ, ಅಷ್ಟೇ.

ಅಂಗಡಿಯಲ್ಲಿ ಸೋಪು ತಗೊಂಡೆ. ಟ್ಯಾಕ್ಸ್ ಇಳಿದಿದೆಯಂತೆ, ನಾಲ್ಕು ಸೋಪಿಗೆ ಹದಿನಾರು ರೂಪಾಯಿ ಕಮ್ಮಿ. ಒಳ್ಳೇದಾಯ್ತು ಅಂದುಕೊಂಡು ಹಂಗೇ ರೇಷನ್ನಿಗೆ ಹೋದೆ. ಸೊಸೈಟಿ ಕಲ್ಲೇಶ ಬೆರಳು ಒತ್ತಿಸಿಕೊಂಡ. ಮಿಷನ್ನು ನೋಡಿದ. ಮತ್ತೆ ಒತ್ತಿಸಿಕೊಂಡ. ಆಮೇಲೆ ಹಿಂದೆ ನಿಂತವರಿಗೂ ಕೇಳೋ ಹಂಗೆ ಹೇಳಿದ:

"ಅಕ್ಕ, ನಿಮ್ಮ ಕಾರ್ಡು ನಿಂತೋಗದೆ. ನಿಮ್ಮ ದಯಾನಂದ ವರ್ಷಕ್ಕೆ ಒಂಬತ್ತು ಲಕ್ಷ ದುಡೀತಾನಂತೆ. ನಮಗೆ ಹೇಳಲೇ ಇಲ್ವಲ್ಲ."

ಎಲ್ಲರೂ ನಕ್ಕರು. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದೆ. ನಗುವ ಮಾತಾ ಇದು?

ಅದೇ ದಿನ, ಮಧ್ಯಾಹ್ನ ಮೂರು

ಮಗ ಊಟಕ್ಕೆ ಬಂದಾಗ ಕೇಳಿದೆ. ಮೊದಲು ತಲೆ ಕೆರಕೊಂಡ. ಆಮೇಲೆ ಬಾಯಿ ಬಿಟ್ಟ.

ಇವನು ಕಾಯಿ ಸುಲಿಯೋ ಗ್ಯಾಂಗಿನ ಮೇಸ್ತ್ರಿ. ಇವನೂ ಸೇರಿ ಹನ್ನೊಂದು ಜನ. ಫ್ಯಾಕ್ಟರಿಯವರು ಅಷ್ಟೂ ಜನದ ಕೂಲಿ ಇವನೊಬ್ಬನ ಅಕೌಂಟಿಗೇ ಹಾಕುತ್ತಾರೆ. ಇವನು ವಾರವಾರ ಬಿಡಿಸಿ ಕೈಗೆ ಹಂಚುತ್ತಾನೆ. ಇವನಿಗೆ ಉಳಿಯೋದು ತನ್ನ ಕೂಲಿ, ಮೇಲೆ ಒಂದಿಷ್ಟು ಮೇಸ್ತ್ರಿ ಕಾಸು. ಹಾಕುವಾಗಲೇ ನೂರಕ್ಕೆ ಒಂದು ರೂಪಾಯಿ ಟ್ಯಾಕ್ಸು ಅಂತ ಹಿಡಕೊಳ್ಳುತ್ತಾರೆ. ಯಾರೋ ಆಡಿಟರ್ ಹೇಳಿದರಂತೆ — ನಿನಗೆ ಟ್ಯಾಕ್ಸೇ ಬರಲ್ಲ, ರಿಟರ್ನ್ಸ್ ಹಾಕು, ಹಿಡಿದದ್ದು ವಾಪಸ್ ಬರ್ತದೆ. ಬಂತು. ಒಂಬತ್ತು ಸಾವಿರದ ಇನ್ನೂರು. ಆಡಿಟರಿಗೆ ಸಾವಿರದೈನೂರು ಹೋಯ್ತು. ಉಳಿದದ್ದರಲ್ಲಿ ದೀಪಾವಳಿಗೆ ನನಗೊಂದು ಸೀರೆ, ಸೊಸೆ ಯೋಗಿತಾಗೊಂದು. ಆ ದುಡ್ಡು ಬಂತು ಅಂತ ನಾನೇ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ.

ಒಂಬತ್ತು ಸಾವಿರಕ್ಕೆ ಕೈ ಚಾಚಿದ್ದಕ್ಕೆ ಒಂಬತ್ತು ಲಕ್ಷದ ಸಾಹುಕಾರ ಅಂತ ಬರಕೊಂಡಿದ್ದಾರೆ.

ಅಕ್ಕಿಗಿಂತ ನಮ್ಮ ಯಜಮಾನರ ಹರ್ನಿಯಾದ್ದೇ ಯೋಚನೆ. ಜನವರಿ 22ಕ್ಕೆ ಆಪರೇಷನ್ನು ಅಂತ ಡಾಕ್ಟರು ದಿನ ಕೊಟ್ಟಿದ್ದಾರೆ. ಕಾರ್ಡಿದ್ದರೆ ಆಸ್ಪತ್ರೆಗೆ ದುಡ್ಡು ಕಟ್ಟೋ ಹಂಗಿಲ್ಲ. ಇಲ್ಲದಿದ್ದರೆ ಅರವತ್ತು ಸಾವಿರ. ಪಂಚೆ ಕಟ್ಟುವಾಗ ಗೋಡೆ ಹಿಡಕೊಂಡು ನಿಲ್ಲುತ್ತಾರೆ ಈಗ. ನೋವಾ ಅಂದರೆ ಇಲ್ಲ ಕಣೇ ಅನ್ನುತ್ತಾರೆ.

ನವೆಂಬರ್ 12, ಬುಧವಾರ

ಗ್ಯಾಂಗಿನ ಹತ್ತು ಜನದ ಹತ್ರಾನೂ ಬರೆಸಿಕೊಂಡು ತಾಲ್ಲೂಕು ಆಫೀಸಿಗೆ ಹೋದೆ — ನಮ್ಮ ಕೂಲಿ ನಮಗೆ ಬಂದಿದೆ, ಆ ದುಡ್ಡು ದಯಾನಂದನದಲ್ಲ ಅಂತ. ಏಳು ಸೈನು, ಮೂರು ಹೆಬ್ಬೆಟ್ಟು. ಎರಡು ಗಂಟೆ ಸಾಲಿನಲ್ಲಿ ನಿಂತೆ. ಗುಮಾಸ್ತ ಕಾಗದ ಮುಟ್ಟಲೂ ಇಲ್ಲ. ಕೈಯಲ್ಲಿ ಕೊಟ್ಟ ದುಡ್ಡು ಕಂಪ್ಯೂಟರಿಗೆ ಕಾಣಲ್ಲಮ್ಮ ಅಂದ. ಅಕೌಂಟಿಗೆ ಬಂದಿದ್ದು ಕಾಣ್ತದೆ, ಹೋಗಿದ್ದು ಕಾಣಲ್ಲ. ಚೆನ್ನಾಗಿದೆ ಅದರ ಕಣ್ಣು.

ಸಂಜೆ ಕಲ್ಲೇಶ ತಾನೇ ಮನೆಗೆ ಬಂದ. ಅವತ್ತು ನಕ್ಕಿದ್ದಕ್ಕೆ ಬೇಜಾರಾಗಿತ್ತೇನೋ. ಒಂದು ದಾರಿ ಹೇಳಿದ.

"ನೀವು ಗಂಡ ಹೆಂಡ್ತಿ ಬೇರೆ ಕಾರ್ಡು ಮಾಡಿಸ್ಕೊಂಬುಡಿ ಕಣಕ್ಕ. ಮಗನ ಜೊತೆ ಇಲ್ಲ, ಬೇರೆ ಒಲೆ, ಬೇರೆ ಅಡಿಗೆ ಅಂತ ಒಂದು ಅಫಿಡವಿಟ್ಟು. ನೋಡೋಕೆ ಬಂದ ದಿನ ಹಿತ್ತಲಲ್ಲಿ ನಾಲ್ಕು ಇಟ್ಟಿಗೆ ಇಟ್ಟಿರಿ. ಅರ್ಧ ಊರು ಆ ಇಟ್ಟಿಗೆ ಮೇಲೇ ಬದುಕ್ತಿರೋದು."

ಇವರು ನಕ್ಕರು. ನಕ್ಕಿದ್ದಕ್ಕೆ ಹೊಟ್ಟೆ ಹಿಡಕೊಂಡರು.

ನವೆಂಬರ್ 14, ಶುಕ್ರವಾರ

ಮಗನ ಜೊತೆ ನೋಟರಿ ಹತ್ರ ಹೋಗಿದ್ದೆ. ಕನ್ನಡಕ ಮರೆತಿದ್ದೆ. ಇಲ್ಲಿ ಸೈನ್ ಹಾಕಮ್ಮ, ಇಲ್ಲೊಂದು, ಹಿಂದೆ ಒಂದು. ಹಾಕಿದೆ. ನಾನೂರು ರೂಪಾಯಿ.

ನವೆಂಬರ್ 15, ಶನಿವಾರ

ಏಕಾದಶಿ. ನೀರು ಬಿಟ್ಟು ಏನೂ ಇಲ್ಲ.

ಕನ್ನಡಕ ಹಾಕಿಕೊಂಡು ನಿನ್ನೆಯ ಕಾಗದದ ಜೆರಾಕ್ಸ್ ಓದಿದೆ. "ನಾನು ಮತ್ತು ನನ್ನ ಪತಿ ಪ್ರತ್ಯೇಕವಾಗಿ ಅಡುಗೆ ಮಾಡಿಕೊಂಡು ಜೀವಿಸುತ್ತಿದ್ದು, ಪರಮಾತ್ಮನ ಸಾಕ್ಷಿಯಾಗಿ ಪ್ರಮಾಣ ಮಾಡಿ…" ಅಲ್ಲಿಗೇ ನಿಲ್ಲಿಸಿ ಮೊದಲಿಂದ ಮತ್ತೆ ಓದಿದೆ. ಕೆಳಗೆ ನನ್ನ ಸೈನು. ರಾಮಲಕ್ಷ್ಮಮ್ಮ ಅಂತ ದುಂಡಗೆ.

ಏಕಾದಶಿಗೆ ಹಿಂದಿನ ದಿನ ದೇವರ ಹೆಸರಲ್ಲಿ ಸುಳ್ಳು ಬರಕೊಟ್ಟು, ಇವತ್ತು ಉಪವಾಸ ಕೂತಿದ್ದೀನಿ. ಯಾರಿಗೆ ಬೇಕು ಈ ಉಪವಾಸ.

ಕಾಗದ ಹರಿದು ಹಾಕೋಣ ಅಂದೆ. ಅಸಲಿ ಕಾಗದ ಅರ್ಜಿ ಜೊತೆ ನಿನ್ನೇನೇ ಆಫೀಸಿಗೆ ಹೋಯ್ತು ಅಂದ ಮಗ. ಹಂಗಾದರೆ ಉಳಿದದ್ದು ಒಂದೇ ದಾರಿ. ಬರೆದದ್ದು ನಿಜ ಆಗಬೇಕು. ಸೋಮವಾರದಿಂದ ನಮ್ಮಿಬ್ಬರ ಒಲೆ ಬೇರೆ ಅಂದೆ.

"ಕಾಗದಕ್ಕೆ ಬೇರೆ ಕಣವ್ವಾ. ನಿಜವಾಗ್ಲೂ ಬೇರೆ ಆಯ್ತಾರಾ ಯಾರಾದ್ರೂ?"

ನೀನು ಬರೆಸಿದ್ದು ಕಾಗದಕ್ಕೆ, ನಾನು ಸೈನ್ ಹಾಕಿದ್ದು ದೇವರಿಗೆ ಅಂದೆ. ಎದ್ದು ಹೋದ.

ನವೆಂಬರ್ 17, ಸೋಮವಾರ

ಹಿತ್ತಲ ಸೂರಿನ ಕೆಳಗೆ ಒಲೆ ಹಾಕಿದೆ. ಹುತ್ತದ ಮಣ್ಣು ತಂದು, ಸಾರಿಸಿ, ಅರಿಶಿನ ಕುಂಕುಮ ಇಟ್ಟು ಹಾಲುಕ್ಕಿಸಿದೆ. ಕಾಯಿ ಚಿಪ್ಪು ಉರಿಸೋ ಕಾಲ ಅಲ್ಲ ಇದು, ಚಿಪ್ಪಿಗೂ ರೇಟು ಬಂದಿದೆ. ತೋಟದಲ್ಲಿ ಬಿದ್ದ ತೆಂಗಿನ ಒಣ ಎಡೆಮಟ್ಟೆ ಎಳಕೊಂಡು ಬಂದೆ.

ಯೋಗಿತಾ ಬಾಗಿಲಲ್ಲಿ ನಿಂತು ನೋಡ್ತಾ ಇದ್ದಳು. ಮದುವೆಯಾಗಿ ಎರಡು ವರ್ಷ. ಎದುರು ಮಾತಾಡಿದವಳಲ್ಲ. ಇವತ್ತು ಆಡಿದಳು.

"ಬೇರೆ ಆಗಬೇಕು ಅಂತಿದ್ರೆ ನೇರ ಹೇಳಿ ಅತ್ತೆ. ದೇವರನ್ನ ಯಾಕೆ ನಡುವೆ ತರ್ತೀರ."

ನಿನ್ನ ಮೇಲೆ ಕೋಪ ಇಲ್ಲ ಕಣೇ ಅಂದೆ. ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನವೆಂಬರ್ 29, ಶನಿವಾರ

ಒಪ್ಪತ್ತು.

ಎರಡು ಒಲೆ ಅಂದರೆ ಎಲ್ಲ ಎರಡು. ಎಣ್ಣೆ ಪ್ಯಾಕೆಟ್ ಎರಡು, ಸಾಸಿವೆ ಎರಡು, ಉಪ್ಪು ಎರಡು. ನಾಲ್ಕು ಜನಕ್ಕೆ ಒಂದು ಕಾಯಿ ಸಾಕಿತ್ತು, ಈಗ ಅಲ್ಲೊಂದು ಹೋಳು ಇಲ್ಲೊಂದು ಹೋಳು ಒಣಗುತ್ತೆ. ಕಾಯಿ ರೇಟು ಈ ಪಾಟಿ ಇರುವಾಗ. ಸೋಪಿನಲ್ಲಿ ಉಳಿದ ಹದಿನಾರು ರೂಪಾಯಿ ಒಂದು ಒಗ್ಗರಣೆಗೆ ಆಗಲಿಲ್ಲ. ನನ್ನ ಗೃಹಲಕ್ಷ್ಮಿ ದುಡ್ಡು ಯಾವಾಗ ಬರ್ತದೋ, ಕಾರ್ಡು ನಿಂತ ಮೇಲೆ ಬರ್ತದೋ ಇಲ್ವೋ. ಕಲ್ಲೇಶನಿಗೂ ಗೊತ್ತಿಲ್ಲ.

ಈ ಮನೇಲಿ ಸುಖವಾಗಿರೋದು ಇವರೊಬ್ಬರೇ. ಬೆಳಿಗ್ಗೆ ನನ್ನ ಹತ್ರ ರೊಟ್ಟಿ. ಆಮೇಲೆ ಒಳಗೆ ಹೋಗಿ ಸೊಸೆ ಹತ್ರ ಉಪ್ಪಿಟ್ಟು. ಪ್ರಮಾಣ ಹಾಳಾಗ್ತದೆ ರೀ ಅಂದರೆ, "ಸೈನ್ ಹಾಕಿದ್ದು ನೀನು ಕಣೇ, ನಾನಲ್ಲ" ಅನ್ನುತ್ತಾರೆ.

ಮಗ ನನ್ನ ಕಡೆ ನೋಡೋದೂ ಇಲ್ಲ. ಬೆಳಿಗ್ಗೆ ಬುತ್ತಿ ಕಟ್ಟೋಳು ನಾನು, ಇಷ್ಟು ವರ್ಷ. ಈಗ ಅವನು ಗೇಟು ದಾಟೋ ಸದ್ದು ಕೇಳ್ತದೆ, ಅಷ್ಟೇ.

ಡಿಸೆಂಬರ್ 10, ಬುಧವಾರ

ಆಫೀಸಿನಿಂದ ಒಲೆ ನೋಡೋಕೆ ಬಂದಿದ್ದರು. ರವಿಕಿರಣ್ ಅಂತ, ಇನ್ನೂ ಚಿಕ್ಕ ವಯಸ್ಸು, ಮಾತು ಮೆತ್ತಗೆ. ಹಿತ್ತಲಿಗೆ ಹೋಗಿ ಒಲೆ ಬಗ್ಗಿ ನೋಡಿದರು. ಬೂದಿ ಮುಟ್ಟಿ ನೋಡಿದರು. ಸೂರಿಗೆ ಹಿಡಿದ ಮಸಿ ನೋಡಿದರು. ಎಲ್ಲ ಕಡೆ ಹೊಸ ಇಟ್ಟಿಗೆ ತೋರಿಸ್ತಾರೆ ಅಮ್ಮ, ಮೂರು ತಿಂಗಳಲ್ಲಿ ಮಸಿ ಇರೋ ಒಲೆ ನೋಡಿದ್ದು ಇದೇ ಮೊದಲು ಅಂದರು. ಫೋನಿನಲ್ಲಿ ಫೋಟೋ ತೆಗೆದುಕೊಂಡರು. ತಮ್ಮ ನಂಬರು ಬರೆದು ಕೊಟ್ಟರು. ಮಜ್ಜಿಗೆ ಕೊಟ್ಟೆ.

ಸಮಾಧಾನ ಆಗಬೇಕಿತ್ತು. ಒಳಗೆ ಯೋಗಿತಾ ಪಾತ್ರೆ ಕುಕ್ಕುವ ಸದ್ದು ಕೇಳುತ್ತಾ ಇತ್ತು.

ಡಿಸೆಂಬರ್ 18, ಗುರುವಾರ

ಧನುರ್ಮಾಸ ಶುರುವಾಗಿ ಮೂರು ದಿನ. ಬೆಳಕು ಹರಿಯೋಕೆ ಮುಂಚೆ ಹುಗ್ಗಿ ನೈವೇದ್ಯ.

ಯೋಗಿತಾಗೆ ವಾಂತಿ. ನಾಲ್ಕು ದಿನದಿಂದ ಅಂತೆ. ಎರಡು ತಿಂಗಳು ಅಂತ ನರ್ಸು ಹೇಳಿದರಂತೆ. ನನಗೆ ಹೇಳಿದ್ದು ಇವರು. ಸೊಸೆ ಬಸುರಿ ಅನ್ನೋ ಸುದ್ದಿ ಗಂಡನ ಬಾಯಲ್ಲಿ ಕೇಳಬೇಕಾಯ್ತು. ನಾನೇ ತಂದುಕೊಂಡದ್ದು.

ಒಗ್ಗರಣೆ ವಾಸನೆಗೇ ಓಡಿ ಹೋಗ್ತಾಳೆ, ತಾನೇ ಮಾಡಿದ್ದು ತಾನೇ ಉಣ್ಣಲಾರಳು. ಬಟ್ಟಲಲ್ಲಿ ಹುಗ್ಗಿ ತಗೊಂಡು ಹೋಗಿ ಕೊಟ್ಟೆ. ಪ್ರಸಾದ. ಪ್ರಸಾದಕ್ಕೆ ಯಾವ ಒಲೆ ಅಂತ ಇಲ್ಲ. ತಿಂದಳು. ನಿಂತಿತು ಹೊಟ್ಟೆಯಲ್ಲಿ.

ಡಿಸೆಂಬರ್ 20, ಶನಿವಾರ

ಮೂರು ದಿನದಿಂದ ಬೆಳಗಿನ ಹುಗ್ಗಿ ಬಿಟ್ಟರೆ ಅವಳ ಹೊಟ್ಟೆಗೆ ಏನೂ ಇಲ್ಲ. ಮಧ್ಯಾಹ್ನ ನಾನು ಹುರುಳಿ ಬಸ್ಸಾರು ಮಾಡಿ ಮುದ್ದೆ ಕಟ್ಟುತ್ತಿದ್ದೆ. ಬಂದು ಕಂಬಕ್ಕೆ ಒರಗಿ ಕೂತಳು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಒಂದು ಮುದ್ದೆ ಕೊಟ್ರೆ ನಿಮ್ಮ ದೇವರಿಗೆ ಸುಳ್ಳು ಹೇಳ್ದಂಗಾಗ್ತದಾ?"

ಹೌದು ಅಂತ ಗೊತ್ತಿತ್ತು. ತಟ್ಟೆ ಹಾಕಿದೆ. ಒಂದೂವರೆ ಮುದ್ದೆ ಉಂಡಳು. ಉಣ್ಣುತ್ತಾ ಅಳ್ತಾ ಇದ್ದಳು, ನಾನೂ.

ರಾತ್ರಿಗೆ ಎಲ್ಲರಿಗೂ ಅಲ್ಲೇ ಬಡಿಸಿದೆ. ಗ್ಯಾಸು ಹಚ್ಚಲೇ ಇಲ್ಲ. ಮಗ ಬಂದು ಕೂತ. ಎರಡನೇ ಸಲ ಸಾರು ಹಾಕಿಸಿಕೊಂಡ.

ಜನವರಿ 7, ಬುಧವಾರ

ಮೊನ್ನೆ ಆಫೀಸಿನಿಂದ ಕಾಗದ ಬಂತು. ಬೇರೆ ಕಾರ್ಡಿಗೆ ಕೊನೆಯ ಉತ್ತರ ಬೇಕಂತೆ, ವಾರದೊಳಗೆ. "ಈಗಲೂ ಮಗನ ಕುಟುಂಬದಿಂದ ಪ್ರತ್ಯೇಕವಾಗಿ ಅಡುಗೆ ಮಾಡಿಕೊಳ್ಳುತ್ತಿದ್ದೀರಾ? ಹೌದು / ಇಲ್ಲ." ಹೌದು ಅಂತ ಗೀಚಿದರೆ ಕಾರ್ಡು. ಇವರ ಆಪರೇಷನ್ನಿಗೆ ಹದಿನೈದು ದಿನ ಇದೆ.

ಹೌದು ಅಂತ ಹಾಕವ್ವ, ಮುಗೀತು ಅಂದ ಮಗ. ಒಂದು ಸಲ ಓದದೆ ಸೈನ್ ಹಾಕಿದೆ, ಈಗ ಓದಿ ಗೊತ್ತಿದ್ದೂ ಹಾಕಲಾ ಅಂದೆ.

"ಅಪ್ಪನ ಹೊಟ್ಟೆಗಿಂತ ನಿನ್ನ ಮಾತು ದೊಡ್ಡದಾ?"

ಅಲ್ಲ ಅಂದೆ. ಅಲ್ಲವೇ ಅಲ್ಲ. ಅದಕ್ಕೇ ಎರಡು ದಿನದಿಂದ ಕಣ್ಣಿಗೆ ನಿದ್ದೆ ಇಲ್ಲ. ಇವರನ್ನ ಕೇಳಿದೆ, ನೀವು ಹೇಳ್ರೀ. ನೋವು ನಂದು, ಅದನ್ನ ನಾನು ನೋಡ್ಕೋತೀನಿ ಬುಡು, ಬರೆಯೋದು ನಿಂದು ಅಂದರು.

ದಯಾನಂದ ಒಂದು ಕೆಲಸ ಮಾಡಿದ್ದಾನೆ, ಹೇಳಲೂ ಇಲ್ಲ ನನಗೆ. ಫ್ಯಾಕ್ಟರಿಯವರ ಹತ್ರ ಜಗಳ ಮಾಡಿ, ಈ ತಿಂಗಳಿಂದ ಕೂಲಿ ಅವರವರ ಅಕೌಂಟಿಗೇ ಬೀಳೋ ಹಂಗೆ ಮಾಡಿಸಿದ್ದಾನೆ. ಮೇಸ್ತ್ರಿ ಕಾಸು ಹೋಯ್ತು. ಯೋಗಿತಾ ಹೇಳಿದಳು.

ಜನವರಿ 9, ಶುಕ್ರವಾರ

ಹೌದು ಇಲ್ಲ ಎರಡಕ್ಕೂ ಗೀಚಲಿಲ್ಲ. ಹಿಂದಿನ ಪುಟದಲ್ಲಿ ಬರೆದೆ: ನವೆಂಬರ್ 17ರಿಂದ ಡಿಸೆಂಬರ್ 20ರ ಬೆಳಗಿನವರೆಗೆ ಬೇರೆ ಇದ್ದೆವು. ಸೊಸೆ ಬಸುರಿ. ಈಗ ಒಟ್ಟಿಗೆ ಇದ್ದೇವೆ. ಬೇರೆ ಕಾರ್ಡು ಬೇಡ. ಹಳೇ ಕಾರ್ಡನ್ನೇ ಕೊಡಿ. ಒಂಬತ್ತು ಲಕ್ಷ ಹನ್ನೊಂದು ಜನದ್ದು, ಈಗ ಬ್ಯಾಂಕಿನಲ್ಲೂ ಕಾಣುತ್ತದೆ. ಬ್ಯಾಂಕಿನ ಕಾಗದ, ಹತ್ತು ಜನರ ಸೈನು, ಆಪರೇಷನ್ ಚೀಟಿ ಪಿನ್ ಮಾಡಿದೆ.

ತಗೊಂಡು ಹೋದೆ. ಗುಮಾಸ್ತ ತಿರುಗಿಸಿ ನೋಡಿ ವಾಪಸ್ ತಳ್ಳಿದ. ಹೌದಾ ಇಲ್ವಾ ಅಷ್ಟೇ ಅಮ್ಮ, ಕಥೆಗೆಲ್ಲ ಕಾಲಂ ಇಲ್ಲ ಅಂದ. ಇಲ್ಲ ಅಂದರೆ ಫೈಲು ಮುಚ್ಚುತ್ತಾರಂತೆ, ಪಿನ್ ಮಾಡಿದ್ದು ಯಾರೂ ಓದಲ್ಲವಂತೆ. ನನ್ನ ಹಿಂದೆ ನಿಂತಿದ್ದ ಹೆಂಗಸು, "ಗೀಚಿ ಬನ್ನಿ ಕಣಕ್ಕ, ಬಸ್ಸು ಹೋಯ್ತದೆ" ಅಂದಳು. ಅವಳಿಗೂ ಎರಡು ಒಲೆಯೇ ಇರಬೇಕು.

ಜನವರಿ 10, ಶನಿವಾರ. ಬೆಳಿಗ್ಗೆ ಹತ್ತು

ಒಪ್ಪತ್ತು. ಪೂಜೆ ಮುಗಿಸಿ ರವಿಕಿರಣ್ ಸಾಹೇಬರಿಗೆ ಫೋನ್ ಮಾಡಿದೆ. ಎರಡನೇ ಶನಿವಾರ, ಮನೆಯಲ್ಲಿದ್ದರು. ಮಸಿ ಒಲೆ ರಾಮಲಕ್ಷ್ಮಮ್ಮ ಅಂದೆ. ತಕ್ಷಣ ಗುರುತು ಹಿಡಿದರು. ಎಲ್ಲ ಹೇಳಿದೆ, ಮುದ್ದೆ ಕೊಟ್ಟದ್ದೂ ಹೇಳಿದೆ. ನೀವು ಹೌದು ಅಂತ ಹಾಕಿದ್ದರೆ ನಾನು ಸುಮ್ಮನೆ ಸೈನ್ ಮಾಡ್ತಿದ್ದೆನಲ್ಲಮ್ಮ ಅಂದರು. ಗೊತ್ತು ಅಂದೆ.

ನಿಮ್ಮ ಆಫೀಸಿನಲ್ಲಿ ನನ್ನ ಉತ್ತರ ಇಸಕೊಳ್ಳೋರಿಲ್ಲ. ಬೂದಿ ಮುಟ್ಟಿ ನೋಡಿದೋರು ನೀವು. ಸೋಮವಾರ ನೀವೇ ಬಂದು ಇದನ್ನ ತಗೊಂಡು ಹೋಗಿ ಸ್ವಾಮಿ ಅಂದೆ. ಒಂದೂವರೆಗೆ ಬನ್ನಿ, ಆ ಹೊತ್ತಿಗೆ ನಾಲ್ಕೂ ಜನ ಊಟಕ್ಕೆ ಕೂತಿರ್ತೀವಿ, ನಿಮಗೂ ಒಂದು ತಟ್ಟೆ ಇಟ್ಟಿರ್ತೀನಿ ಅಂದೆ.