ಅಜ್ಜನ ಔಷಧಿ ಬಕೆಟ್ಟು

ಹಣ್ಣಿನಂಗಡಿಯ ಹಿಂದಿನ ಕೋಣೆ,
ಜೂನ್ ೧೨, ಗುರುವಾರ

ನನ್ನ ಮುದ್ದಿನ ಗುಬ್ಬಿ,

ಹೇಗಿದ್ದೀಯ ಕಂದ? ಮೈಗೆ ಸ್ವಲ್ಪ ಕಸುವು ಬಂತೇ? ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಈಗಲೂ ಕಾಲು ನಡುಗುತ್ತದೆಯೇ? ಬೇಕಾದ್ದನ್ನೆಲ್ಲ ತಿನ್ನಬಹುದು ಎಂದು ಡಾಕ್ಟರೇ ಹೇಳಿಯಾಯಿತು, ಇನ್ನು ನೆಪ ಹೇಳದೆ ಹೊಟ್ಟೆ ತುಂಬ ಊಟ ಮಾಡು. ಇಲ್ಲಿ ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ ನಮ್ಮ ಅಂಗಡಿ ಪಾಸಾಯಿತು! ಎರಡನೇ ಪರೀಕ್ಷೆಯಲ್ಲಿ ಕೆಟ್ಟ ಕ್ರಿಮಿಗಳ ಸುಳಿವೇ ಇಲ್ಲವೆಂದು ಆಹಾರ ತಪಾಸಣೆಯ ಮೇಡಂ ನಿನ್ನೆ ತಾವೇ ಬಂದು ಹೇಳಿಹೋದರು. ಅವರ ಕೈ ಹಿಡಿದು ಕುಣಿಯುವುದೊಂದು ಬಾಕಿಯಿತ್ತು ನನಗೆ.

ನೀನು ಹೋದ ಮೇಲೆ ನಡೆದದ್ದನ್ನು ಪೂರ್ತಿ ಹೇಳಿರಲಿಲ್ಲ, ಕೇಳು. ರಜೆಗೆ ಬಂದ ನೀನು ಅಜ್ಜ ಕತ್ತರಿಸಿ ಕೊಟ್ಟ ಕಲ್ಲಂಗಡಿ ತಿಂದು ಜ್ವರ ಬಂದು ಮಲಗಿಬಿಟ್ಟೆ, ಮೊದಲು ಕೊಟ್ಟ ಔಷಧಿಗೆ ಜ್ವರ ಜಗ್ಗಲೇ ಇಲ್ಲ. ಆಮೇಲೆ ಡಾಕ್ಟರು ತಿಳಿಸಿದರೆಂದು ಈ ಮೇಡಂ ಬಂದು ಹತ್ತಿ ಸುತ್ತಿದ ಕಡ್ಡಿಗಳಿಂದ ಚಾಕು, ಹಲಗೆ, ತಟ್ಟೆ ಎಲ್ಲವನ್ನೂ ಒರೆಸಿಕೊಂಡು, ಹಣ್ಣು ಅದ್ದಿ ತೆಗೆಯುವ ಬಕೆಟ್ಟಿನ ನೀರನ್ನೂ ಸೀಸೆಗೆ ತುಂಬಿಕೊಂಡು ಹೋದರು. ಕ್ರಿಮಿ ಸಿಕ್ಕಿದ್ದು ಆ ನೀರಿನಲ್ಲಿ. ಅದೂ ಸಾಮಾನ್ಯ ಔಷಧಿಗೆ ಸಾಯದ ಜಾತಿಯದು! ನೀರಿಗೆ ಏನಾದರೂ ಹಾಕುತ್ತೀರಾ ಎಂದು ಕೇಳಿದರೆ ನಿನ್ನಜ್ಜ ಎದೆಯುಬ್ಬಿಸಿ, “ಬರೀ ನೀರಲ್ಲಮ್ಮ, ಔಷಧಿ ಹಾಕ್ತೀನಿ!” ಎನ್ನಬೇಕೇ?

ಅವರ ಮಂಡಿಯ ಗಾಯಕ್ಕೆ ಡಾಕ್ಟರು ಕ್ಯಾಪ್ಸೂಲು ಕೊಡುವಾಗ ಇದು ಕ್ರಿಮಿ ಕೊಲ್ಲುತ್ತದೆ ಎಂದಿದ್ದರಂತೆ. ಗಾಯ ಒಣಗುತ್ತಲೇ ಇವರು ನುಂಗುವುದನ್ನು ಬಿಟ್ಟು ಉಳಿದದ್ದನ್ನು ಒಡೆದು ಬಕೆಟ್ಟಿಗೆ ಸುರಿದರು. ಅದು ಮುಗಿಯಿತೆಂದು ದರ್ಜಿಯ ಗಂಟಲುನೋವಿನದು, ಕ್ಷೌರಿಕನ ಹಲ್ಲುನೋವಿನದು, ಹೀಗೆ ಬೀದಿಯವರೆಲ್ಲ ಅರ್ಧಕ್ಕೆ ಬಿಟ್ಟಿದ್ದನ್ನು ಕೇಳಿ ತಂದರು. ಔಷಧಿ ಹಾಕಿದ ನೀರನ್ನು ಚೆಲ್ಲುವುದುಂಟೇ ಎಂದು ಬೆಳಗಿನ ನೀರಿನಲ್ಲೇ ಸಂಜೆಯವರೆಗೂ ಹಣ್ಣು ಅದ್ದಿದರು! ಇಂಥ ಅರೆಬರೆ ಔಷಧಿಗೆ ಬಡಪಾಯಿ ಕ್ರಿಮಿಗಳೆಲ್ಲ ಸತ್ತು ಗಟ್ಟಿಪಿಂಡಗಳು ಉಳಿದುಕೊಳ್ಳುತ್ತವೆ, ಇಡೀ ಬಕೆಟ್ಟು ಅವುಗಳದೇ ಆಗುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ನಿನ್ನ ಜ್ವರ ಹಟ ಹಿಡಿದದ್ದೂ ಇದರಿಂದಲೇ ಇರಬಹುದು ಎಂದರು. ಅಜ್ಜನ ಮುಖ ಇಷ್ಟು ಸಣ್ಣದಾಯಿತು. ಚಾಕು ತೊಳೆದು, ಒರೆಸಿ, ನನ್ನ ಕೈಗಿಟ್ಟು, “ಇನ್ನು ನಾನು ಇದನ್ನ ಮುಟ್ಟಲ್ಲ ಕಣೇ” ಎಂದರು. ನನಗೆ ಅಳು ಬಂತು.

ಅಂದಿನಿಂದ ಕತ್ತರಿಸುವವಳು ನಾನೇ. ಬಕೆಟ್ಟು ಈಗ ನೆಲ ಒರೆಸಲು ಹೋಯಿತು. ಹೊಸ ನಲ್ಲಿ ಬಂದಿದೆ, ಹರಿಯುವ ನೀರಿನಲ್ಲೇ ಇಡೀ ಹಣ್ಣನ್ನು ತೊಳೆದು, ಗಿರಾಕಿ ಕೇಳಿದ ಮೇಲೆ ಕತ್ತರಿಸುತ್ತೇನೆ. ನನ್ನ ಹೋಳುಗಳ ಚೆಂದ ನೀನು ನೋಡಬೇಕು! ಕುರ್ಚಿ ಹಾಕಿಕೊಂಡು ಕೂತ ನಿನ್ನಜ್ಜನಿಗೆ ತಡೆಯುವುದಿಲ್ಲ. “ಅದು ಅನಾನಸು ಮಾರಾಯ್ತಿ, ಸೌದೆ ಅಲ್ಲ!” ಎಂದು ಕೂಗುತ್ತಾರೆ. ಹಾಗಾದರೆ ನೀವೇ ಬನ್ನಿ ಎಂದರೆ ಮುಖ ಆಚೆ ತಿರುಗಿಸುತ್ತಾರೆ. ನಿನ್ನೆ ಪಾಸಾದ ಸುದ್ದಿಗೆ ಬೀದಿಯವರೆಲ್ಲ ಬಂದು ನನ್ನ ಸೊಟ್ಟ ಹೋಳುಗಳನ್ನು ತಿಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದರ್ಜಿಯಂತೂ ಇನ್ನುಮುಂದೆ ಮಾತ್ರೆಗಳನ್ನು ಕೊನೆಯವರೆಗೆ ನುಂಗುತ್ತೇನೆ, ಅಜ್ಜಿಯ ಕೈಯಿಂದ ನಮ್ಮನ್ನು ಕಾಪಾಡಿ ಎಂದು ಅಜ್ಜನಿಗೆ ಕೈಮುಗಿದ. ಅಜ್ಜನೂ ನಕ್ಕರು. ಚಾಕು ಮಾತ್ರ ಮುಟ್ಟಲಿಲ್ಲ.

ಬಿಸಿಲಿನಲ್ಲಿ ಅಲೆಯಬೇಡ, ಚೆನ್ನಾಗಿ ನಿದ್ದೆ ಮಾಡು. ನೂರು ಕಾಲ ನಗುನಗುತ್ತಾ ಬಾಳು, ನನ್ನ ಬಂಗಾರ.

ನಿನ್ನ,
ಸೊಟ್ಟ ಹೋಳಿನ ಅಜ್ಜಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಜ್ಜ ಬಾಗಿಲ ಬಳಿ ಬಂದು ನಿಂತರು. ಸೋಪು ಹಾಕಿ ಉಜ್ಜಿ ಉಜ್ಜಿ ಕೈಯೆಲ್ಲ ಕೆಂಪಾಗಿತ್ತು. “ನಾನು ಕತ್ತರಿಸಿ ಕೊಟ್ರೆ ಅವಳು ತಿಂತಾಳಾ, ಕೇಳು” ಎಂದು ಹೇಳಿ ಹೋಗಿಬಿಟ್ಟರು. ನೀನು ಉತ್ತರ ಬರೆಯಬೇಡ ಗುಬ್ಬಿ. ಭಾನುವಾರ ಮೊದಲ ಬಸ್ಸಿಗೇ ಬಾ. ನನ್ನನ್ನು ಮಾತನಾಡಿಸಲೂ ಬೇಡ, ನೇರವಾಗಿ ಅವರ ಕುರ್ಚಿಯ ಮುಂದೆ ಹೋಗಿ ನಿಂತು, ಒಂದು ತಟ್ಟೆ ಕಲ್ಲಂಗಡಿ ಕೇಳು.