ಅರವತ್ತೆರಡು ಸೂಜಿ

ಚಿನ್ನಮನೂರು
೮ ಮಾರ್ಚ್ ೧೯೬೪, ಭಾನುವಾರ

ನನ್ನ ಮುದ್ದಿನ ಅವ್ವಾ,

ನಿನ್ನ ಮಗಳು ಸರಸು ಮಾಡುವ ನಮಸ್ಕಾರ. ಕೆಮ್ಮು ಹೇಗಿದೆ? ಸಾಯಂಕಾಲದ ಜ್ವರ ನಿಂತಿತೇ? ಕೊಟ್ಟ ಮಾತ್ರೆಯನ್ನು ನುಂಗುತ್ತಿದ್ದೀಯೋ, ಇಲ್ಲಿ ಮಾಡುತ್ತಿದ್ದ ಹಾಗೆ ದಿಂಬಿನ ಕೆಳಗೆ ತುರುಕುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ಈ ಕಾಗದವನ್ನೂ ನಮ್ಮ ಮನೆಮಾತು ಕನ್ನಡದಲ್ಲೇ, ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನರ್ಸ್ ರಾಜಮ್ಮಾಳ್ ಅಕ್ಕ ಎಂದಿನಂತೆ ಒಂದಕ್ಷರವೂ ಅರ್ಥವಾಗದೆ ಗಟ್ಟಿಯಾಗಿ ಓದಲಿ, ನೀನು ಎಂದಿನಂತೆ ಹೊಟ್ಟೆ ಹಿಡಿದು ನಗು. ತೀರಾ ನಗಬೇಡ, ಕೆಮ್ಮು ಬಂದೀತು.

ಅಪ್ಪ ಚೆನ್ನಾಗಿದ್ದಾರೆ. ಬಾಳೆತೋಟಕ್ಕೆ ನೀರು ಕಟ್ಟಿ ಬಂದವರು ಸಾರು ನಾನೇ ಮಾಡುತ್ತೇನೆಂದು ಒಲೆ ಮುಂದೆ ಕೂರುತ್ತಾರೆ. ಅವರ ಸಾರನ್ನು ಒಂದು ದಿನ ಉಂಡರೆ ಸಾಕು, ನೀನು ಆಸ್ಪತ್ರೆಯ ಗಂಜಿಯನ್ನು ಜನ್ಮದಲ್ಲಿ ಬೈಯುವುದಿಲ್ಲ. ಆದರೆ ನೀನು ಕಲಿಸಿಹೋದ ಸುಳ್ಳು ಮಾತ್ರ ನನ್ನನ್ನು ಹೈರಾಣ ಮಾಡಿದೆ. ನೀನು ಹರಕೆ ಹೊತ್ತು ಪಳನಿ ಮುರುಗನ ಗುಡಿಯಲ್ಲಿ ಸೇವೆಗೆ ಕೂತಿದ್ದೀಯೆ ಎಂದೇ ಬೀದಿಯವರೆಲ್ಲ ನಂಬಿದ್ದಾರೆ. ಹೊರಟ ದಿನ ಪಳನಿ ಬಸ್ಸನ್ನೇ ಹತ್ತಿ ಆಸ್ಪತ್ರೆಗೆಂದು ದಿಂಡಿಗಲ್‌ನಲ್ಲಿ ಇಳಿದೆವಲ್ಲ, ಅರ್ಧ ಸುಳ್ಳು ಅಂತಲೇ ಇಟ್ಟುಕೋ. ಮೊನ್ನೆ ಪಾಂಡಿಯಮ್ಮಾಳ್ ಅತ್ತೆ ತೆಂಗಿನಕಾಯಿಗೆ ಅರಿಶಿನ ಬಳಿದು ತಂದು, “ಏನ್ ಕಣ್ಣೂ, ನಿಮ್ಮವ್ವ ಮುರುಗನ ತಾವೇ ಅವ್ಳಲ್ವಾ, ಈ ಕಾಯಿ ಒಡೆಸಾಕೆ ಹೇಳು. ಬರೋವಾಗ ಪಂಚಾಮೃತ ತರದಿದ್ರೆ ಮನೆಗೇ ಸೇರ್ಸಲ್ಲ” ಎಂದು ಕೈಗಿಟ್ಟು ಹೋದರು. ಆ ಕಾಯಿ ಅಕ್ಕಿ ಡಬ್ಬದ ಪಕ್ಕದಲ್ಲಿ ಕೂತಿದೆ. ಅಡುಗೆಮನೆಗೆ ಹೋದಾಗಲೆಲ್ಲ ನಾನು ಮುಖ ಆಚೆ ತಿರುಗಿಸುತ್ತೇನೆ.

ನಿನ್ನ ಭಯ ನನಗೆ ಗೊತ್ತು. ಅತ್ತೆಯ ಮಗ ಅಳಗರ್‌ಗೆ ನಾನೇ ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿದೆ. ನಿನ್ನ ಕಾಯಿಲೆ ಅತ್ತೆಯ ಕಿವಿಗೆ ಬಿದ್ದರೆ ಆ ಮಾತು ಮುರಿಯುತ್ತದೆ, ಆಮೇಲೆ ನನ್ನನ್ನು ಯಾರೂ ಕೇಳುವುದಿಲ್ಲ ಎಂಬುದು ನಿನ್ನ ಲೆಕ್ಕ. ಹೊರಡುವಾಗ ನನ್ನ ಕೈ ಹಿಡಿದು, “ನಾ ಸತ್ತೋದ್ರೂ ಪಳನೀಲೇ ಸತ್ಳು ಅನ್ನು” ಎಂದೆಯಲ್ಲ, ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಈಗ ಹೊಸ ಸುದ್ದಿ ಕೇಳು. ಉತ್ತಮಪಾಳಯದ ಡಾಕ್ಟರಮ್ಮ ನನಗೆ ಕಾಂಪೌಂಡರ್ ತರಬೇತಿಯ ಅರ್ಜಿ ತರಿಸಿಕೊಟ್ಟಿದ್ದಾರೆ! ಎರಡು ವರ್ಷ ಅವರ ದವಾಖಾನೆಯಲ್ಲಿ ಗಾಯ ತೊಳೆದು, ಔಷಧಿ ಕಲಸಿ, ಬಾಟಲಿಗೆ ಕಾಗದದ ಗುರುತು ಅಂಟಿಸಿದ್ದು ದಂಡವಾಗಲಿಲ್ಲ. ಮೇ ಕೊನೆಯವರೆಗೆ ಸಮಯವಿದ್ದರೂ ಈಗಲೇ ಕಳಿಸು ಎನ್ನುತ್ತಾರೆ. ತಪ್ಪಿದ್ದು ವಾಪಸು ಬಂದರೆ ತಿದ್ದಿ ಕಳಿಸಲು ದಿನವಿರುತ್ತದಂತೆ. ಪರೀಕ್ಷೆಯ ಅಂಕಪಟ್ಟಿ, ವಯಸ್ಸಿನ ದಾಖಲೆ, ಡಾಕ್ಟರಮ್ಮನ ಶಿಫಾರಸು ಎಲ್ಲ ಜೋಡಿಸಿದ್ದೇನೆ. ನನ್ನ ಎದೆಯ ಎಕ್ಸ್‌ರೇಯಲ್ಲೂ ಏನೂ ಇಲ್ಲ, ಅದಕ್ಕೆ ನೀನು ಕೊರಗಬೇಡ. ಎರಡು ಕಾಲಂ ಮಾತ್ರ ಖಾಲಿ ಉಳಿದಿವೆ. ಇಂಜೆಕ್ಷನ್ ಕೊಟ್ಟ ಅನುಭವವಿದೆಯೇ, ಎಷ್ಟು, ಯಾರಿಗೆ ಎಂದು ಒಂದರಲ್ಲಿ ಕೇಳಿದೆ. ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂದು ಇನ್ನೊಂದರಲ್ಲಿ.

ನಾನು ಸೂಜಿ ಚುಚ್ಚಿದ್ದು ಈ ಲೋಕದಲ್ಲಿ ಒಬ್ಬರಿಗೇ. ನೆನಪಿದೆಯೇ? ನೀನು ಸೂಜಿಗೆಂದು ದಿನಾ ಬಸ್ಸು ಹತ್ತಲಾರೆ ಎಂದು ಡಾಕ್ಟರಮ್ಮ ನನಗೇ ಕಲಿಸಿದರು. ಒಂದು ವಾರ ಬಾಳೆದಿಂಡಿಗೆ ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡೆ. ಮೊದಲ ದಿನ ಸೂಜಿ ವಾರೆಯಾಯಿತು. ನಿನ್ನ ಕಣ್ಣಲ್ಲಿ ನೀರು ತುಂಬಿದ್ದರೂ, “ಸೊಳ್ಳೆ ಕಡಿದಂಗಾಯ್ತು, ಅಷ್ಟೇಯಾ?” ಎಂದೆ. ಎರಡು ತಿಂಗಳಲ್ಲಿ ಅರವತ್ತೆರಡು. ಕ್ಷಯ ‘ಇಲ್ಲ’ ಎಂದು ಬರೆದರೆ ಆ ಅರವತ್ತೆರಡೂ ಇಲ್ಲ. ‘ಇದೆ’ ಎಂದರೆ ತರಬೇತಿಯವರು ನನ್ನನ್ನೇ ಬೇಡವೆನ್ನಬಹುದು. “ನಿನ್ನ ಅರ್ಜಿ, ನೀನೇ ಯೋಚಿಸು” ಎಂದುಬಿಟ್ಟರು ಡಾಕ್ಟರಮ್ಮ. ಸಾಲದ್ದಕ್ಕೆ ಇದಕ್ಕೆ ಊರಿನ ಲೆಕ್ಕಪತ್ರ ನೋಡುವ ಮುನ್ಸೀಫ್ ಪೆರಿಯಣ್ಣನ್ ಸಹಿ ಬೇಕು. ಅವರು ಓದದೆ ಸಹಿ ಹಾಕುವವರಲ್ಲ, ಓದಿದ್ದನ್ನು ಹೆಂಡತಿಗೆ ಹೇಳದೆ ಉಣ್ಣುವವರೂ ಅಲ್ಲ. ಅವರ ಹೆಂಡತಿಗೆ ಗೊತ್ತಾದರೆ ಅತ್ತೆಗೂ ಗೊತ್ತಾದಂತೆ. ಬೆಳಗಿನಿಂದ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಇದೇ ಆಗಿದೆ. ನಿನ್ನನ್ನು ಕೇಳೋಣವೆಂದರೆ ನೀನು ಏನೆನ್ನುತ್ತೀಯೆಂದು ಗೊತ್ತು.

ಹೊಟ್ಟೆ ತುಂಬ ಉಣ್ಣಬೇಕೆಂದು ಅಪ್ಪ ಹೇಳಿದ್ದಾರೆ. ಹೀಗೆ ಹೇಳಿ ಆಚೆ ತಿರುಗಿ ಕಣ್ಣೊರೆಸಿಕೊಂಡರು, ನಾನು ನೋಡಿದೆ. ರಾಜಮ್ಮಾಳ್ ಅಕ್ಕನಿಗೆ ನನ್ನ ವಂದನೆ. ಬೇಗ ಗುಣವಾಗಿ ಬಾ, ನಿನ್ನ ಬೈಗುಳವಿಲ್ಲದೆ ಮನೆ ಮನೆಯಾಗಿಲ್ಲ.

ನಿನ್ನ ದಾರಿ ಕಾಯುವ ಮಗಳು,
ಸರಸು

ತಾ. ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಮಧ್ಯಾಹ್ನ ಊಟವಾದ ಮೇಲೆ ಅರ್ಜಿಯ ಆ ಎರಡು ಕಾಲಂ ಬರೆದುಬಿಟ್ಟೆ, ಬೈಯಬೇಡ. ಒಂದು ಕಾಲಂನಲ್ಲಿ ‘ತಾಯಿ ಪೊನ್ನಮ್ಮಾಳ್‌ಗೆ ಇದೆ, ಆಸ್ಪತ್ರೆಯಲ್ಲಿ ಗುಣವಾಗುತ್ತಿದ್ದಾರೆ’. ಇನ್ನೊಂದರಲ್ಲಿ ‘ಅರವತ್ತೆರಡು, ಎಲ್ಲವೂ ತಾಯಿಗೆ’. ಮುನ್ಸೀಫರು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನ ಮುಖ ನೋಡಿ, ಸಹಿ ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದರು. ಹೊಸಲು ದಾಟಲಿಲ್ಲ. ಸೆರಗಿನಿಂದ ಎಂಟು ನಾಟಿಕೋಳಿ ಮೊಟ್ಟೆ ತೆಗೆದು ಜಗಲಿಯ ಮೇಲಿಟ್ಟು, “ಪಳನೀಲಿ ಮೊಟ್ಟೆ ತಿನ್ನಂಗಿಲ್ಲ, ಆಸ್ಪತ್ರೇಲಿ ತಿನ್ಬೋದಲ್ಲ. ಕಳಿಸು. ಆ ಕಾಯಿ ಇತ್ತ ಕೊಡು, ನಾನೇ ಹೋಗಿ ಅವಳ ಹೆಸರಲ್ಲಿ ಒಡಿತೀನಿ” ಎಂದರು. ಅಳಗರ್ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುರಿದರೆ ಮುರಿಯಲಿ, ಅವ್ವಾ. ನಿನಗೆ ಬರೆದ ಕಾಗದವನ್ನು ಇಷ್ಟು ದಿನ ಯಾರ ಕಣ್ಣಿಗೂ ಬೀಳದಿರಲೆಂದು ಉತ್ತಮಪಾಳಯದವರೆಗೆ ಒಯ್ದು ಹಾಕುತ್ತಿದ್ದೆ. ಇದನ್ನು ನಮ್ಮ ಬೀದಿಯ ಡಬ್ಬಿಗೇ ಹಾಕುತ್ತೇನೆ, ನಿನ್ನ ಹೆಸರನ್ನೂ ಆಸ್ಪತ್ರೆಯ ಹೆಸರನ್ನೂ ಮೇಲೆ ದಪ್ಪಕ್ಷರದಲ್ಲಿ ಬರೆದು.